ವಿಕಾಸದ ಪಟ್ಟಿಯೂ ಮಗುವಿನ ಮನೆಯೂ

ಮೊದಲ ಸೆಮಿಸ್ಟರಿನ ಮೊದಲ ತಿಂಗಳಲ್ಲಿಯೇ ನಮ್ಮ ಪ್ರಶಿಕ್ಷಣಾರ್ಥಿಗಳ ನೋಟ್ ಪುಸ್ತಕದೊಳಗೆ ಒಂದು ಪಟ್ಟಿ ಬಂದು ಕೂರುತ್ತದೆ. ಹುಟ್ಟಿನಿಂದ 2 ವರ್ಷ ಶೈಶವ, 2ರಿಂದ 6 ಪೂರ್ವ ಬಾಲ್ಯ, 6ರಿಂದ 12 ಉತ್ತರ ಬಾಲ್ಯ, 12ರಿಂದ 18 ತಾರುಣ್ಯ, ಆಮೇಲೆ ವಯಸ್ಕಾವಸ್ಥೆ, ಕೊನೆಗೆ ವೃದ್ಧಾಪ್ಯ. ಪಕ್ಕದಲ್ಲಿ ಪಿಯಾಜೆಯ ನಾಲ್ಕು ಹಂತಗಳು, ಎರಿಕ್‌ಸನ್‌ನ ಎಂಟು ಹಂತಗಳು, ಹ್ಯಾವಿಗರ್ಸ್ಟ್ ಹೇಳಿದ ವಿಕಾಸಾತ್ಮಕ ಕಾರ್ಯಗಳು. ಸ್ಕೇಲು ಹಿಡಿದು ಗೆರೆ ಎಳೆದು, ಬಣ್ಣದ ಪೆನ್ನಿನಲ್ಲಿ ತಲೆಬರಹ ಬರೆದು ಅಂದವಾಗಿ ಮಾಡುತ್ತಾರೆ. ಪರೀಕ್ಷೆಗೆ ಅದು ಉಪಕಾರಿ. ನಾನೂ ಪ್ರತಿವರ್ಷ ಅದನ್ನು ಹಲಗೆಯ ಮೇಲೆ ಬರೆಯುತ್ತೇನೆ, ಮುಂದೆಯೂ ಬರೆಯುತ್ತೇನೆ. ಪಟ್ಟಿಯ ಮೇಲೆ ನನಗೆ ಜಗಳವೇನಿಲ್ಲ.

ಆದರೆ ನನ್ನ ಕೆಲಸದ ಉಳಿದರ್ಧ ನಡೆಯುವುದು ಬಸ್ಸಿನಲ್ಲಿ ಮತ್ತು ತರಗತಿಯ ಹಿಂದಿನ ಬೆಂಚಿನಲ್ಲಿ. 2014ರ ಎನ್‌ಸಿಟಿಇ ನಿಯಮಾವಳಿಯಿಂದ ಬಿ.ಎಡ್. ಎರಡು ವರ್ಷದ್ದಾಯಿತು. ಪ್ರಶಿಕ್ಷಣಾರ್ಥಿಗಳು ಒಟ್ಟು 20 ವಾರ ಶಾಲೆಯ ಸಂಪರ್ಕದಲ್ಲಿರಬೇಕು, ಅದರಲ್ಲಿ 16 ವಾರ ಇಂಟರ್ನ್‌ಶಿಪ್. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳಿಗೆ ಅವರನ್ನು ಹಂಚಿ, ಒಂದೊಂದು ದಿನ ಒಂದೊಂದು ದಿಕ್ಕಿಗೆ ಹೋಗಿ ಪಾಠ ನೋಡಿ ಬರುವುದು ನನ್ನ ಪಾಲಿನದು. ಆ ಪಟ್ಟಿ ಹಿಂದಿನ ಬೆಂಚಿನಿಂದ ಹೇಗೆ ಕಾಣುತ್ತದೆ, ಮತ್ತು ಅಲ್ಲಿಂದ ಎದ್ದು ಮಗುವಿನ ಮನೆಗೆ ಹೋದರೆ ಹೇಗೆ ಕಾಣುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯಹೊರಟಿದ್ದೇನೆ.

ವಯಸ್ಸಿನ ವಿಷಯದಿಂದಲೇ ಸುರುಮಾಡುವ. ನಮ್ಮ ಹಿರಿಯರಿಗೆ ಶಾಲೆಗೆ ಸೇರಿಸುವಾಗ ಜನನ ಪ್ರಮಾಣಪತ್ರ ಬೇಕಿರಲಿಲ್ಲ. ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಕಿವಿ ಮುಟ್ಟಿಸುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಒಂದನೆಯ ತರಗತಿ, ತಾಗದಿದ್ದರೆ ಮುಂದಿನ ವರ್ಷ ಬಾ ಎನ್ನುತ್ತಿದ್ದರು. ಇದನ್ನು ಹೇಳಿದಾಗ ಪ್ರಶಿಕ್ಷಣಾರ್ಥಿಗಳು ನಗುತ್ತಾರೆ. ನಗಬೇಕಾದ ಸಂಗತಿಯಲ್ಲ. ಹುಟ್ಟಿದ ಮಗುವಿನ ತಲೆ ಅದರ ಒಟ್ಟು ಉದ್ದದ ಸುಮಾರು ನಾಲ್ಕನೇ ಒಂದು ಭಾಗ. ದೊಡ್ಡವರಲ್ಲಿ ಅದು ಎಂಟನೇ ಒಂದು ಭಾಗದ ಆಸುಪಾಸು. ವಿಕಾಸವು ತಲೆಯಿಂದ ಪಾದದ ಕಡೆಗೆ, ನಡುವಿನಿಂದ ಅಂಚಿನ ಕಡೆಗೆ ಸಾಗುತ್ತದೆ ಎಂದು ನಾವು ಬರೆಸುವ ತತ್ವ ಇದೇ. ತಲೆಯ ಬೆಳವಣಿಗೆ ನಿಧಾನವಾಗಿ ಕೈಕಾಲು ಉದ್ದವಾಗುವ ಆ ತಿರುವಿನಲ್ಲಿ, ಹೆಚ್ಚುಕಡಿಮೆ ಆರನೆಯ ವರ್ಷದಲ್ಲಿ, ಕೈ ಕಿವಿಗೆ ಎಟಕುತ್ತದೆ. ಅಂದರೆ ಆ ಹೆಡ್‌ಮಾಸ್ಟರು ಅಳೆದದ್ದು ಎದುರಿಗೆ ನಿಂತ ಮಗುವನ್ನು. ನಾವು ಇವತ್ತು ಅಳೆಯುವುದು ಕ್ಯಾಲೆಂಡರನ್ನು. ಒಂದನೆಯ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ಸರ್ಕಾರ ನಿಯಮ ಮಾಡಿತು. 2025-26ರಲ್ಲಿ ಒಂದು ವರ್ಷದ ಮಟ್ಟಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಆ ಏಳು ತಿಂಗಳ ಚರ್ಚೆಯಲ್ಲಿ ಎಷ್ಟೋ ತಂದೆತಾಯಿಯರ ನಿದ್ದೆ ಕೆಟ್ಟಿತು. ನಿಯಮ ಬೇಡವೆಂದು ನಾನು ಹೇಳುವುದಿಲ್ಲ. ಲಕ್ಷಗಟ್ಟಲೆ ಮಕ್ಕಳಿಗೆ ಕಿವಿ ಮುಟ್ಟಿಸಿ ನೋಡಲು ಆಗುವುದೂ ಇಲ್ಲ.

ಕ್ಯಾಲೆಂಡರಿನ ಕಥೆಯೂ ನೇರವಾದದ್ದಲ್ಲ. ನನ್ನ ತಂದೆಯವರು ಹುಟ್ಟಿದ್ದು ಆಟಿ ತಿಂಗಳಲ್ಲಿ, ಮಳೆಗೆ ಗದ್ದೆಯ ಹುಣಿ ಕಡಿದುಹೋದ ದಿನ ಎಂದು ಅಜ್ಜಿ ಹೇಳುತ್ತಿದ್ದರು. ಶಾಲೆಯ ದಾಖಲೆಯಲ್ಲಿ ಮಾತ್ರ ಜೂನ್ 1. ಆ ಊರಿನಲ್ಲಿ ಅವರ ಓರಗೆಯ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು! ಸರ್ಕಾರಿ ಕೆಲಸದಿಂದ ನಿವೃತ್ತಿಯಾಗುವಾಗ ತಂದೆಯವರು ನಗುತ್ತ, "ನನ್ನ ಎರಡು ತಿಂಗಳ ಸಂಬಳ ಮಾಷ್ಟ್ರ ಪೆನ್ನಿನಲ್ಲಿ ಹೋಯಿತು" ಎಂದಿದ್ದರು. ಪಟ್ಟಿಯಲ್ಲಿ 60ಕ್ಕೆ ಆರಂಭವಾಗುವ ವೃದ್ಧಾಪ್ಯ ಅವರಿಗೆ ಹಾಗೆ ಬಂತು. ಆದರೆ ಮುಂದಿನ ಹನ್ನೆರಡು ವರ್ಷ ಅವರು ತೋಟದಲ್ಲಿ ಅಡಿಕೆ ಹೆಕ್ಕಿದರು, ದೇವಸ್ಥಾನದ ಲೆಕ್ಕ ಬರೆದರು, ಮೊಮ್ಮಕ್ಕಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟುಬಂದರು. ಅವರು ಮುದುಕರಾದದ್ದು ದೇವಸ್ಥಾನದ ಲೆಕ್ಕದ ಪುಸ್ತಕವನ್ನು ಇನ್ನೊಬ್ಬರಿಗೆ ಕೊಟ್ಟ ವರ್ಷ. ಇದು ನನ್ನ ಅಂದಾಜು, ಯಾವ ಸಿದ್ಧಾಂತವೂ ಅಲ್ಲ. ಆದರೂ ಆಮೇಲೆ ನಾನು ಯಾರ ಹಂತವನ್ನು ನೋಡುವಾಗಲೂ ಅವರ ಕೈಯಲ್ಲಿ ಏನಿದೆ ಎಂದು ನೋಡುವ ಅಭ್ಯಾಸ ಬಿದ್ದಿದೆ.

ಈಗ ಬಂಟ್ವಾಳದ ಒಂದು ಅಂಗನವಾಡಿಗೆ ಹೋಗುವ. ಶೈಶವ ಮತ್ತು ಪೂರ್ವ ಬಾಲ್ಯವನ್ನು ಕಣ್ಣಾರೆ ನೋಡಿ ವರದಿ ಬರೆಯಲಿ ಎಂದು ಪ್ರಶಿಕ್ಷಣಾರ್ಥಿಗಳನ್ನು ಅಲ್ಲಿಗೆ ಕಳುಹಿಸುತ್ತೇವೆ. ಬಯಲುಸೀಮೆಯಿಂದ ಬಂದಿದ್ದ ಒಬ್ಬಾಕೆ ಬಹಳ ಶ್ರದ್ಧೆಯಿಂದ ಬರೆದಿದ್ದಳು. ಮೂರು ವರ್ಷದ ಒಂದು ಮಗುವಿನ ಬಗ್ಗೆ ಅವಳ ಟಿಪ್ಪಣಿ ಹೀಗಿತ್ತು: ತಂದೆ ಕರೆದೊಯ್ಯಲು ಬಂದಾಗ ಮಗು 'ಅಮ್ಮೆ' ಎಂದು ಕೂಗಿ ಓಡಿತು, ತಂದೆ ಮತ್ತು ತಾಯಿಯನ್ನು ಗುರುತಿಸುವುದರಲ್ಲಿ ಗೊಂದಲವಿದೆ, ಭಾಷಾ ವಿಕಾಸ ಕುಂಠಿತ. ಅಂಗನವಾಡಿ ಶಿಕ್ಷಕಿ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಮಗು ಎಲ್ಲವನ್ನೂ ಸರಿಯಾಗಿಯೇ ಹೇಳಿತ್ತು.

ನಗು ಮುಗಿದ ಮೇಲೆ ಯೋಚಿಸಿದರೆ ಅದು ಸಣ್ಣ ವಿಷಯವಲ್ಲ. ಅದೇ ಮಗು ಮೂರು ವರ್ಷ ಕಳೆದು ಶಾಲೆಗೆ ಬಂದಾಗ, ತಾನು ಮೊದಲು ಕಲಿತ ಎರಡು ಮಾತುಗಳು ಪಠ್ಯಪುಸ್ತಕದಲ್ಲಿ ಬುಡಮೇಲಾಗಿರುತ್ತವೆ. ಅದು ಒಂದು ವಾರ ಸುಮ್ಮನೆ ಕೂತರೆ 'ಮಾತಾಡದ ಮಗು' ಎಂಬ ಹೆಸರು ಬರುತ್ತದೆ. ನಮ್ಮ ಈ ಮೂರು ತಾಲೂಕುಗಳಲ್ಲಿ ಒಂದು ತರಗತಿಯೆಂದರೆ ತುಳು, ಬ್ಯಾರಿ, ಕೊಂಕಣಿ, ಘಟ್ಟದ ಬುಡದಲ್ಲಿ ಮಲೆಕುಡಿಯರ ಮಾತು, ಎಲ್ಲವೂ ಸೇರಿ ಕನ್ನಡದ ಮುಂದೆ ಕೂತಿರುವುದು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಊರಮಾತು ತುಳು, ಬರೆದದ್ದು ಕನ್ನಡ. ಅವರು ಅಧ್ಯಾಪಕರಾಗಿದ್ದವರು, ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದವರು. ತಪಾಸಣೆಗೆ ಹೋಗುವ ಅಧಿಕಾರಿ ಮಕ್ಕಳ ಬಾಯಲ್ಲಿ ನಿಲ್ಲುವ ಹಾಡು ಬರೆದದ್ದು ನಮ್ಮಂಥ ತಪಾಸಣೆಯವರಿಗೆ ಸ್ವಲ್ಪ ನಾಚಿಕೆ ತರಬೇಕಾದ ಸಂಗತಿಯೇ.

ವರದಿಯ ಇನ್ನೊಂದು ಕಾಲಂ ಬಗ್ಗೆಯೂ ಒಂದು ಮಾತು. ತಂದೆಯ ಹೆಸರು, ತಂದೆಯ ವೃತ್ತಿ, ತಂದೆಯ ವಿದ್ಯಾಭ್ಯಾಸ. ನಾವು ಓದಿಸುವ ಮನೋವಿಜ್ಞಾನದಲ್ಲಿಯೂ ಮಗುವಿನ ಎದುರಿಗೆ ನಿಂತಿರುವವರು ತಂದೆ. ಆದರೆ ಈ ನಾಡಿನ ಬಹಳಷ್ಟು ಮನೆಗಳಲ್ಲಿ ವಂಶ ನಡೆದದ್ದು ತಾಯಿಯ ಕಡೆಯಿಂದ, ಅಳಿಯಸಂತಾನದ ಕಟ್ಟಿನಲ್ಲಿ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಆಸ್ತಿಯನ್ನು ಪಾಲುಮಾಡಿಕೊಳ್ಳಲು ದಾರಿ ಮಾಡಿತು, ಕೂಡುಕುಟುಂಬಗಳು ಒಡೆದವು, ಈಗ ಮನೆ ಎಂದರೆ ಹೆಚ್ಚಾಗಿ ತಂದೆ-ತಾಯಿ-ಮಕ್ಕಳೇ. ಆದರೂ ಮದುವೆ, ಓದು, ಜಾಗದ ತಕರಾರು ಎಂದಾಗ ಮಾತು ಮಾವನ ಹತ್ತಿರ ಹೋಗುತ್ತದೆ. ಮಾವ ಎಂದರೆ ಇಲ್ಲಿ ತಾಯಿಯ ಅಣ್ಣ ಅಥವಾ ತಮ್ಮ. ಮಗ ಮತ್ತು ತಂದೆಯ ನಡುವಿನ ತಿಕ್ಕಾಟದ ಮೇಲೆ ಫ್ರಾಯ್ಡ್ ಕಟ್ಟಿದ ವಾದವನ್ನು, ಸೋದರಮಾವನ ಅಧಿಕಾರ ನಡೆಯುವ ಟ್ರೋಬ್ರಿಯಂಡ್ ದ್ವೀಪಗಳನ್ನು ನೋಡಿಬಂದ ಮಾಲಿನೋವ್‌ಸ್ಕಿ 1920ರ ದಶಕದಲ್ಲಿಯೇ ಪ್ರಶ್ನಿಸಿದ್ದ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಪೋಷಕರ ಸಭೆಗೆ ಯಾರು ಬಂದಿದ್ದಾರೆಂದು ನೋಡಿದರೆ ಸಾಕು. ಇದನ್ನು ಇಲ್ಲಿ ಹೇಳಲು ಕಾರಣವಿದೆ, ಮುಂದೆ ಬರುತ್ತದೆ.

ಮೂಡುಬಿದಿರೆ ಕಡೆಯ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಯಕ್ಷಗಾನ ಕಲಿಯುತ್ತಿದ್ದ. ತರಗತಿಯಲ್ಲಿ ಎದ್ದು ನಿಂತು ಎರಡು ವಾಕ್ಯ ಹೇಳೆಂದರೆ ನೆಲ ನೋಡುತ್ತಿದ್ದವನು, ವಾರ್ಷಿಕೋತ್ಸವದಲ್ಲಿ ಗೆಜ್ಜೆ ಕಟ್ಟಿ ಬಂದಾಗ ಬೇರೆಯೇ ಆಳಾಗಿದ್ದ. ಇಂಥ ಮಕ್ಕಳನ್ನು ನೀವೆಲ್ಲರೂ ನೋಡಿದ್ದೀರಿ, ಹೆಚ್ಚು ಹೇಳಬೇಕಾಗಿಲ್ಲ. ನನಗೆ ಕುತೂಹಲ ಹುಟ್ಟಿದ್ದು ಅವನು ಕಲಿಯುತ್ತಿದ್ದ ಕ್ರಮದ ಮೇಲೆ. ತೆಂಕುತಿಟ್ಟಿನ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ಮೊದಲಾದ ವೇಷಗಳು ಹೊಸಬರ ಪಾಲಿನವು. ಜನ ಇನ್ನೂ ಬಂದು ಕೂರುತ್ತಿರುವ ಹೊತ್ತು, ಮಾತಿಲ್ಲ, ಬರೀ ಹೆಜ್ಜೆ. ತಪ್ಪಿದರೂ ಪ್ರಸಂಗ ಕೆಡುವುದಿಲ್ಲ. ಆದರೆ ಚೆಂಡೆ-ಮದ್ದಳೆ ನಿಜವಾದದ್ದು, ರಂಗಸ್ಥಳ ನಿಜವಾದದ್ದು, ಭಾಗವತರು ನಿಜವಾದವರು. ಅಲ್ಲಿ ಪಳಗಿದ ಮೇಲೆ ಸಣ್ಣ ವೇಷ, ಪುಂಡುವೇಷ, ಮುಂದೆ ಎದುರುವೇಷ, ಬಣ್ಣ. ಈ ಏಣಿಗೆ ವಯಸ್ಸಿನ ಲೆಕ್ಕವಿಲ್ಲ. ಹನ್ನೆರಡರ ಹುಡುಗನೂ ಇಪ್ಪತ್ತರ ಯುವಕನೂ ಒಂದೇ ಮೆಟ್ಟಿಲಲ್ಲಿ ನಿಂತಿರಬಹುದು.

ಕಾಲಮಿತಿಯ ಆಟ ಬಂದ ಮೇಲೆ ಮೊದಲು ಮೊಟಕಾದದ್ದು ಈ ಪೂರ್ವರಂಗವೇ. ಪ್ರೇಕ್ಷಕರಿಗೆ ಸಮಯ ಉಳಿಯಿತು, ಹೊಸ ಹುಡುಗರಿಗೆ ನಿಲ್ಲುವ ಜಾಗ ಸಣ್ಣದಾಯಿತು. ಇದನ್ನು ಯೋಚಿಸುವಾಗಲೆಲ್ಲ ನನಗೆ ನಮ್ಮ ಸೂಕ್ಷ್ಮಬೋಧನೆ ನೆನಪಾಗುತ್ತದೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಆಲೆನ್ ಮತ್ತು ಜೊತೆಗಾರರು ರೂಪಿಸಿದ್ದು; ಐದಾರು ಮಂದಿಯ ಎದುರು ಐದಾರು ನಿಮಿಷ ಒಂದೇ ಕೌಶಲ. ಅದು ನಮ್ಮ ಕೋಡಂಗಿ ವೇಷ. ಒಂದು ವ್ಯತ್ಯಾಸವೆಂದರೆ ನಮ್ಮಲ್ಲಿ ಎದುರಿಗೆ ಕೂತವರು ಸಹಪಾಠಿಗಳು, ಮಕ್ಕಳಂತೆ ನಟಿಸುವವರು. ಚೆಂಡೆ ನಿಜವಾದದ್ದಲ್ಲ. ಹಾಗಾಗಿ ಇಂಟರ್ನ್‌ಶಿಪ್ಪಿನ ಮೊದಲ ವಾರದಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಿಂದ ಕಲಿಯುವುದು ಕಾಣುತ್ತದೆ.

ಕಲಿಸಲು ಹೋಗುವವರೂ ಬೆಳೆಯುತ್ತಿರುವವರೇ ಎಂಬುದನ್ನು ನಮ್ಮ ಪಟ್ಟಿ ಹೇಳುವುದಿಲ್ಲ. ಹೋದ ಬ್ಯಾಚಿನಲ್ಲಿ 21ರ ಹುಡುಗಿಯೂ ಇದ್ದಳು, 38ರ ಇಬ್ಬರು ಮಕ್ಕಳ ತಾಯಿಯೂ ಇದ್ದರು. ಪಟ್ಟಿಯ ಪ್ರಕಾರ ಬೇರೆ ಬೇರೆ ಹಂತ. ಮೊದಲ ಪಾಠದ ದಿನ ಇಬ್ಬರ ಕೈಯಲ್ಲಿಯೂ ಸೀಮೆಸುಣ್ಣ ಒಂದೇ ರೀತಿ ನಡುಗುತ್ತಿತ್ತು. ಅಮೆರಿಕದ ಫ್ರಾನ್ಸಿಸ್ ಫುಲ್ಲರ್ 1969ರಲ್ಲಿ ಬರೆದದ್ದು ಇಲ್ಲಿ ಸರಿಹೊಂದುತ್ತದೆ. ಹೊಸ ಶಿಕ್ಷಕರ ಚಿಂತೆ ಮೊದಲು ತಮ್ಮ ಬಗ್ಗೆಯೇ ಇರುತ್ತದೆ: ನಾನು ಹೇಗೆ ಕಾಣುತ್ತಿದ್ದೇನೆ, ತರಗತಿ ನನ್ನ ಮಾತು ಕೇಳುತ್ತದೆಯೇ. ಆಮೇಲೆ ಕೆಲಸದ ಬಗ್ಗೆ: ಪಾಠ ಮುಗಿಯುತ್ತದೆಯೇ, ಉಪಕರಣ ಸಾಕೇ. ಕೊನೆಗೆ ಬರುವುದು, ಈ ಮಗುವಿಗೆ ಏನಾಗುತ್ತಿದೆ ಎಂಬ ಪ್ರಶ್ನೆ. ಈ ಮೂರನೆಯದು 16 ವಾರಗಳಲ್ಲಿ ಎಲ್ಲರಿಗೂ ಬರುವುದಿಲ್ಲ. ಬಂದ ಒಬ್ಬಳ ಬಗ್ಗೆ ಈಗ ಬರೆಯುತ್ತೇನೆ.

ಅವಳು ಬಂಟ್ವಾಳದ ಕಡೆಯವಳು, ಗಣಿತದ ಪ್ರಶಿಕ್ಷಣಾರ್ಥಿ, ಇಂಟರ್ನ್‌ಶಿಪ್ ಸಿಕ್ಕಿದ್ದು ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟದ ಬುಡದ ಒಂದು ಪ್ರೌಢಶಾಲೆಯಲ್ಲಿ. ವ್ಯಕ್ತಿ ಅಧ್ಯಯನಕ್ಕೆ ಆರಿಸಿಕೊಂಡದ್ದು ಒಂಬತ್ತನೆಯ ತರಗತಿಯ, 15 ವರ್ಷದ ಒಬ್ಬ ಹುಡುಗಿಯನ್ನು. ಮೊದಲ ಕರಡು ನನ್ನ ಮೇಜಿಗೆ ಬಂತು. ಗಮನದ ಅವಧಿ ಕಡಿಮೆ. ಮೊದಲ ಪೀರಿಯಡಿನಲ್ಲಿ ನಿದ್ದೆ. ಮನೆಗೆಲಸದ ಲೆಕ್ಕ ಅಪೂರ್ಣ. ಅನುಪಾತದ ಕಿರುಪರೀಕ್ಷೆಯಲ್ಲಿ 10ಕ್ಕೆ 2. ತೀರ್ಮಾನ: ನಿಧಾನ ಕಲಿಕೆಯ ಮಗು, ಪಿಯಾಜೆಯ ಅಮೂರ್ತ ಚಿಂತನೆಯ ಹಂತವನ್ನು ಇನ್ನೂ ತಲುಪಿಲ್ಲ. ಸಲಹೆ: ಪೋಷಕರಿಗೆ ಮಾರ್ಗದರ್ಶನ. ನಮೂನೆಯ ಎಲ್ಲ ಕಾಲಂ ತುಂಬಿತ್ತು. ತಂದೆ ಮುಂಬೈಯಲ್ಲಿ ಹೋಟೆಲ್ ಕೆಲಸ, ತಾಯಿ ಬೀಡಿ ಕಟ್ಟುವುದು, ವಾರ್ಷಿಕ ಆದಾಯ ಇಷ್ಟು. "ಮನೆಗೆ ಹೋಗಿದ್ದೀರಾ?" ಎಂದು ಕೇಳಿದೆ. "ಇಲ್ಲ ಸರ್, ತುಂಬ ಒಳಗೆ ಉಂಟು. ಬಸ್ಸಿಲ್ಲ" ಎಂದಳು. ನಮೂನೆಯ ಗುಣವೇ ಅದು, ಹೋಗದೆಯೂ ತುಂಬಬಹುದು.

ಒಂದು ಶನಿವಾರ ಮಧ್ಯಾಹ್ನ ತರಗತಿ ಶಿಕ್ಷಕಿ, ಪ್ರಶಿಕ್ಷಣಾರ್ಥಿ ಮತ್ತು ನಾನು ಹೋದೆವು. ರಸ್ತೆ ಮುಗಿದ ಮೇಲೆ ಅಡಿಕೆ ತೋಟದ ನಡುವೆ ಕಾಲುದಾರಿ, ಒಂದು ಸಂಕ, ಆಮೇಲೆ ಏರು. ಹುಡುಗಿಯ ತಾಯಿ ಜಗಲಿಯಲ್ಲಿ ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎದ್ದು ಬೆಲ್ಲ ನೀರು ಕೊಟ್ಟರು. ಶಾಲೆಯವರು ಮನೆಗೆ ಬಂದರೆಂದು ಮುಖದಲ್ಲಿ ಗಾಬರಿ ಇತ್ತು. ಒಳಗೆ ಚಾವಡಿಯಲ್ಲಿ ಚಾಪೆಯ ಮೇಲೆ ಎಂಬತ್ತು ದಾಟಿದ ಅಜ್ಜಿ. ಹುಡುಗಿ ಅವರಿಗೆ ಗಂಜಿ ಉಣಿಸುತ್ತಿದ್ದಳು. ಅಜ್ಜಿ ಪ್ರತಿ ತುತ್ತಿಗೂ ಅವಳನ್ನು "ಅಪ್ಪೇ" ಎಂದು ಕರೆಯುತ್ತಿದ್ದರು. ಪ್ರೀತಿಯಿಂದ ಹಾಗೆನ್ನುವುದುಂಟು, ಆದರೆ ಇದು ಹಾಗಲ್ಲ. ಅವರಿಗೆ ಮೊಮ್ಮಗಳು ನಿಜವಾಗಿಯೂ ತಾಯಿಯಾಗಿದ್ದಳು.

ಮರೆವಿನ ಕಾಯಿಲೆ ಸುರುವಾಗಿ ಮೂರು ವರ್ಷ. ರಾತ್ರಿ ಎರಡು ಗಂಟೆಗೆ ಎದ್ದು ನೇಜಿ ನೆಡಲು ಹೊರಡುತ್ತಾರೆ. ಆ ಗದ್ದೆ ತೋಟವಾಗಿ ಎಷ್ಟೋ ಕಾಲವಾಯಿತು, ಕೆಳಗೆ ತೋಡು ಇದೆ. ಬೆಳಗ್ಗಿನಿಂದ ಬೀಡಿ ಕಟ್ಟಿ ದಣಿದ ತಾಯಿಗೆ ಎಚ್ಚರವಾಗುವುದಿಲ್ಲ. ಹಾಗಾಗಿ ಹುಡುಗಿ ತನ್ನ ಶಾಲಿನ ಒಂದು ತುದಿಯನ್ನು ಅಜ್ಜಿಯ ಸೆರಗಿಗೆ ಗಂಟುಹಾಕಿ, ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡು ಮಲಗುತ್ತಾಳೆ. ಅಜ್ಜಿ ಎದ್ದರೆ ಕೈ ಎಳೆಯುತ್ತದೆ. ಎದ್ದು ಮಾತಾಡಿಸಿ, ನೇಜಿ ನಾಳೆಗೆ ಎಂದು ನಂಬಿಸಿ ಮಲಗಿಸಬೇಕು. ಮೊದಲ ಪೀರಿಯಡಿನ ನಿದ್ದೆಯ ಮೂಲ ಇಲ್ಲಿತ್ತು.

ಮಾತಿನ ನಡುವೆ ಪ್ರಶಿಕ್ಷಣಾರ್ಥಿ ಕೇಳಿದಳು, "ಅಜ್ಜಿಗೆ ಏನೂ ನೆನಪಿಲ್ಲವಾ?" ಹುಡುಗಿ ಸ್ವಲ್ಪ ಯೋಚಿಸಿ ಹೇಳಿದಳು: "ಹಾಗಲ್ಲ ಟೀಚರ್. ಬಿಸ್ಕೆಟ್ ಡಬ್ಬಿಯಲ್ಲಿ ಮುಚ್ಚಿಟ್ರೆ ಅಜ್ಜಿಗೆ ಬಿಸ್ಕೆಟ್ ಇಲ್ಲವೇ ಇಲ್ಲ ಅಂತ ಆಗ್ತದೆ. ಅಕ್ಕನ ಮಗು ಉಂಟಲ್ಲ, ಹತ್ತು ತಿಂಗಳಿದ್ದು, ಅದು ಬಂದಾಗ ಅದರೆದುರು ಮುಚ್ಚಿಟ್ರೆ ಅದು ಮುಚ್ಚಳ ತೆಗೆದು ಹುಡುಕ್ತದೆ. ಅಜ್ಜಿ ಹುಡುಕುವುದಿಲ್ಲ. ಮಗು ಬರ್ತಾ ಉಂಟು, ಅಜ್ಜಿ ಹೋಗ್ತಾ ಇದ್ದಾರೆ."

ಪ್ರಶಿಕ್ಷಣಾರ್ಥಿ ನನ್ನ ಮುಖ ನೋಡಿದಳು. ಕಣ್ಣಿಗೆ ಮರೆಯಾದ ವಸ್ತುವೂ ಇರುತ್ತದೆ ಎಂಬ ತಿಳಿವು ಶಿಶುವಿಗೆ ಸುಮಾರು ಎಂಟು ತಿಂಗಳಿನಿಂದಾಚೆಗೆ ಬರುತ್ತದೆಂದು ಪಿಯಾಜೆ ತನ್ನ ಮೂವರು ಮಕ್ಕಳನ್ನು ನೋಡಿ ಬರೆದ. ವಸ್ತುಸ್ಥಿರತೆ ಎಂದು ನಾವು ಎರಡು ಅಂಕದ ಪ್ರಶ್ನೆ ಕೇಳುತ್ತೇವೆ. ಈ ಹುಡುಗಿ ಯಾವ ಪುಸ್ತಕವನ್ನೂ ನೋಡದೆ ಒಂದೇ ಡಬ್ಬಿಯಿಂದ ಎರಡು ತುದಿಯ ಎರಡು ಜೀವಗಳನ್ನು ಹೋಲಿಸಿ ನೋಡಿದ್ದಳು. ಅಮೂರ್ತ ಚಿಂತನೆಯ ಹಂತ ತಲುಪಿಲ್ಲವೆಂದು ಕರಡಿನಲ್ಲಿದ್ದವಳು ಇವಳೇ.

ಲೆಕ್ಕದ ವಿಷಯವೂ ಅಲ್ಲಿಯೇ ಗೊತ್ತಾಯಿತು. ಬ್ರಾಂಚಿನಿಂದ ತಂದ ಎಲೆ, ಹೊಗೆಸೊಪ್ಪು, ಕೊಟ್ಟ ಬೀಡಿ, ತಿರಸ್ಕಾರವಾದ ಬೀಡಿ, ಎಲ್ಲದರ ಲೆಕ್ಕವನ್ನು ಪಾಸ್ ಪುಸ್ತಕದಲ್ಲಿ ಸರಿನೋಡುವವಳು ಅವಳು. "ಎಲೆ ತೇವ ಇದ್ರೆ ತೂಕ ಸರಿ ಬರ್ತದೆ, ಆದ್ರೆ ಬೀಡಿ ಕಮ್ಮಿ ಆಗ್ತದೆ. ಅಮ್ಮ ಕತ್ತರಿಸಿದ್ದು ಹೆಚ್ಚುಕಮ್ಮಿ ಆಯ್ತಾ, ಎಲೆಯೇ ತೇವ ಇತ್ತಾ ಅಂತ ಗೊತ್ತಾಗ್ಬೇಕಾದ್ರೆ ಒಂದು ದಿನ ಒಣಗಿಸಿ ಪುನಃ ತೂಗ್ಬೇಕು" ಎಂದಳು. ಒಂದು ಅಂಶವನ್ನು ಹಾಗೆಯೇ ಇಟ್ಟು ಇನ್ನೊಂದನ್ನು ಪರೀಕ್ಷಿಸುವುದು ಪಿಯಾಜೆಯ ಲೋಲಕದ ಪ್ರಯೋಗದಲ್ಲಿ ಕೇಳುವ ಯೋಚನೆಯೇ. ಬ್ರೆಜಿಲಿನ ರೆಸಿಫೆಯಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ನೋಡಿ 1985ರಲ್ಲಿ ಕ್ಯಾರಹರ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನವೊಂದಿದೆ. ಅಂಗಡಿಯಲ್ಲಿ ಕೇಳಿದ ಲೆಕ್ಕಗಳಲ್ಲಿ ಶೇ. 98ರಷ್ಟು ಸರಿ, ಅದೇ ಲೆಕ್ಕವನ್ನು ಕಾಗದದ ಮೇಲೆ ಬರೀ ಅಂಕಿಗಳಾಗಿ ಕೊಟ್ಟಾಗ ಶೇ. 37. ಅದು ಬರೀ ಐದು ಮಕ್ಕಳ ಅಧ್ಯಯನ ಎಂಬುದನ್ನು ಮರೆಯಬಾರದು. ಬೀಡಿಯ ಲೆಕ್ಕ ಬಂದರೆ ಅನುಪಾತದ ಪಾಠ ಬೇಡ ಎಂದು ಅರ್ಥಮಾಡಿಕೊಳ್ಳಲೂಬಾರದು. ಆ ಜ್ಞಾನ ಹೊಗೆಸೊಪ್ಪಿನ ದೂಳಿನ ನಡುವೆ ಬಂದದ್ದು. ಅದನ್ನು ಹಾಡಿ ಹೊಗಳುವ ಲೇಖನಗಳನ್ನು ಓದಿದರೆ ನನಗೆ ಸಿಟ್ಟು ಬರುತ್ತದೆ.

ಏಳುವ ಹೊತ್ತಿಗೆ ತಾಯಿ ಮೆಲ್ಲಗೆ ಹೇಳಿದರು, ಒಂಬತ್ತನೆಯದು ಆದ ಮೇಲೆ ಇವಳನ್ನು ಶಾಲೆ ಬಿಡಿಸುವ ಯೋಚನೆ ಉಂಟು ಎಂದು. "ನನ್ನೊಬ್ಬಳಿಂದ ಅತ್ತ ಬೀಡಿ ಇತ್ತ ಇವರು ಆಗುವುದಿಲ್ಲ. ಅವಳಿಗೂ ಓದು ತಲೆಗೆ ಹೋಗುವುದಿಲ್ಲ ಅಂತ ಶಾಲೆಯಲ್ಲಿಯೇ ಹೇಳ್ತಾರಂತಲ್ಲ." ಆ ಮಾತು ಯಾವ ದಾರಿಯಲ್ಲಿ ಅಲ್ಲಿಗೆ ಹೋಗಿತ್ತೋ. ನಿಧಾನ ಕಲಿಕೆ ಎಂಬ ಎರಡು ಪದ ನಮ್ಮಲ್ಲಿ ಒಂದು ಕಾಲಂ ತುಂಬುತ್ತದೆ, ಆ ಜಗಲಿಯಲ್ಲಿ ಅದು ಒಂದು ನಿರ್ಧಾರಕ್ಕೆ ಆಧಾರವಾಗಿತ್ತು. ಕಾನೂನಿನ ಬಲವೂ ನಮಗಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14ರವರೆಗಿನದು, ಅವಳಿಗೆ 15.

ನಾವು ಮೂವರೂ ಒಂದಷ್ಟು ಉಪದೇಶ ಮಾಡಿದೆವು. ತಾಯಿ ಎಲ್ಲದಕ್ಕೂ ತಲೆಯಾಡಿಸಿದರು. ಮನಸ್ಸು ಬದಲಾಗಿರಲಿಲ್ಲ, ಅದು ಗೊತ್ತಾಗುತ್ತದೆ. ಹಿಂದಿರುಗುವಾಗ ಸಂಕದ ಹತ್ತಿರ ಪ್ರಶಿಕ್ಷಣಾರ್ಥಿ ನಿಂತು, "ಸರ್, ಇವರಿಗೆ ಅಣ್ಣತಮ್ಮ ಯಾರೂ ಇಲ್ಲವಾ?" ಎಂದಳು. ನಮೂನೆಯಲ್ಲಿಲ್ಲದ ಆ ಪ್ರಶ್ನೆ ಅವಳಿಗೆ ಹೊಳೆದದ್ದು ಅವಳೂ ಅಂಥದೇ ಮನೆಯಲ್ಲಿ ಬೆಳೆದ ಕಾರಣ. ತರಗತಿ ಶಿಕ್ಷಕಿ ಹಿಂದೆ ಹೋಗಿ ಕೇಳಿಬಂದರು. ತಮ್ಮ ಒಬ್ಬರಿದ್ದಾರೆ, ಮೂಡುಬಿದಿರೆಯಲ್ಲಿ ಗ್ಯಾರೇಜ್ ಕೆಲಸ. ಅಜ್ಜಿ ಅವರ ತಾಯಿಯೂ ಹೌದು.

ಶಿಕ್ಷಕಿ ಫೋನ್ ಮಾಡಿದರು. ಅವರು ಮುಂದಿನ ಭಾನುವಾರವೇ ಅಕ್ಕನ ಮನೆಗೆ ಬಂದರು. ನಾವು ಅರ್ಧ ಗಂಟೆ ಹೇಳಿ ಆಗದ್ದನ್ನು ಅವರು ಹತ್ತು ನಿಮಿಷದಲ್ಲಿ ಮುಗಿಸಿದರಂತೆ: "ಅವಳು ಹತ್ತು ಮಾಡಲಿ ಅಕ್ಕ. ಅಮ್ಮನನ್ನು ನಾನು ಕರ್ಕೊಂಡು ಹೋಗ್ತೇನೆ." ಕರೆದುಕೊಂಡೂ ಹೋದರು. ಆದರೆ ಹೊಸ ಜಾಗದಲ್ಲಿ ಅಜ್ಜಿ ರಾತ್ರಿಯೂ ಹಗಲೂ ಕೂಗಿದರು, ಊಟ ಬಿಟ್ಟರು, ಹನ್ನೆರಡನೆಯ ದಿನ ಮರಳಿ ತಂದುಬಿಡಬೇಕಾಯಿತು. ಅಂಥವರಿಗೆ ಗೋಡೆ, ಬಾಗಿಲು, ತೋಡಿನ ಸದ್ದೇ ಉಳಿದ ನೆನಪು ಎಂದು ಆಮೇಲೆ ವೈದ್ಯರು ವಿವರಿಸಿದರಂತೆ. ಈಗ ಅವರೇ ವಾರದಲ್ಲಿ ಮೂರು ರಾತ್ರಿ ಕೆಲಸ ಮುಗಿಸಿ ಕೊನೆಯ ಬಸ್ಸಿನಲ್ಲಿ ಬಂದು ಅಕ್ಕನ ಮನೆಯಲ್ಲಿ ಮಲಗುತ್ತಾರೆ. ಶಾಲೆಯಲ್ಲಿ ಗಣಿತವನ್ನು ಮೊದಲ ಪೀರಿಯಡಿನಿಂದ ಮೂರನೆಯದಕ್ಕೆ ಬದಲಾಯಿಸಿದರು. ವೇಳಾಪಟ್ಟಿ ಬದಲಿಸುವುದು ಎಷ್ಟು ಕಷ್ಟವೆಂದು ಶಾಲೆಯಲ್ಲಿರುವವರಿಗೆ ಗೊತ್ತು. ಮುಖ್ಯೋಪಾಧ್ಯಾಯರು ಹೆಚ್ಚು ಮಾತಿಲ್ಲದೆ ಮಾಡಿಕೊಟ್ಟರು.

ಪ್ರಶಿಕ್ಷಣಾರ್ಥಿ ವ್ಯಕ್ತಿ ಅಧ್ಯಯನವನ್ನು ಮೊದಲಿನಿಂದ ಬರೆದಳು. ನಿಧಾನ ಕಲಿಕೆ ಎಂಬ ಮಾತು ಹೋಯಿತು. ಅದರ ಬದಲಿಗೆ ಒಂದು ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹುಡುಗಿ ಏನೇನು ಮಾಡುತ್ತಾಳೆ ಎಂಬುದರ ಎರಡು ಪುಟ, ಆಮೇಲೆ ಅನುಪಾತದಲ್ಲಿ ಅವಳು ಎಲ್ಲಿ ಎಡವುತ್ತಾಳೆ ಎಂಬುದರ ಒಂದು ಪುಟ. ತೊಡಕು ಯೋಚನೆಯಲ್ಲಿರಲಿಲ್ಲ, ಬರೆಯುವ ಕ್ರಮದಲ್ಲಿತ್ತು. ಮನಸ್ಸಿನಲ್ಲಿ ಮಾಡಿದ್ದನ್ನು ಸಮೀಕರಣವಾಗಿ ಇಳಿಸಲು ಬರುತ್ತಿರಲಿಲ್ಲ. ಅದಕ್ಕೆ ಮೂರು ವಾರ ಸಾಕಾಯಿತು. ಆಂತರಿಕ ಅಂಕ ಹಾಕುವಾಗ ಈ ವರದಿ ನಮೂನೆಯಂತಿಲ್ಲ, ಪರೀಕ್ಷಾ ದತ್ತಾಂಶ ಕಡಿಮೆ ಎಂಬ ಆಕ್ಷೇಪ ಬಂತು. ವಾದ ಸ್ವಲ್ಪ ಬಿಸಿಯಾಯಿತು. ಆಕ್ಷೇಪ ಮಾಡಿದವರ ಮಾತಿನಲ್ಲೂ ಹುರುಳಿತ್ತು: ಎಲ್ಲರೂ ಕಥೆ ಬರೆದುತಂದರೆ ಅಂಕ ಹಾಕುವುದು ಹೇಗೆ? ಕೊನೆಗೆ ಆ ಮೂರನೆಯ ಪುಟವೇ ಅವಳನ್ನು ಕಾಪಾಡಿತು.

ಈ ವರ್ಷದ ನಮೂನೆಗೆ ಎರಡು ಸಾಲು ಸೇರಿಸಿದ್ದೇವೆ. ಮನೆಯಲ್ಲಿ ಈ ಮಗುವಿನ ಹೊಣೆಯಲ್ಲಿರುವ ಕೆಲಸ ಯಾವುದು? ಮನೆಯಲ್ಲಿ ಯಾರ ಮಾತು ನಡೆಯುತ್ತದೆ? ಮೊದಲ ಕಂತಿನಲ್ಲಿ ಬಂದ ಕರಡುಗಳಲ್ಲಿ ಅರ್ಧದಷ್ಟು ಮಂದಿ ಮೊದಲನೆಯದಕ್ಕೆ 'ಇಲ್ಲ' ಎಂದೂ ಎರಡನೆಯದಕ್ಕೆ 'ತಂದೆ' ಎಂದೂ ತುಂಬಿದ್ದಾರೆ. ಅವನ್ನೆಲ್ಲ ಹಿಂದಕ್ಕೆ ಕಳುಹಿಸಿದ್ದೇನೆ.

ಹುಡುಗಿ ಜೂನ್‌ನಲ್ಲಿ ಹತ್ತನೆಯ ತರಗತಿಗೆ ಸೇರಿದಳು. ಮೊದಲ ಕಿರುಪರೀಕ್ಷೆಯಲ್ಲಿ ಗಣಿತದಲ್ಲಿ 20ಕ್ಕೆ 13, ಇಂಗ್ಲಿಷ್ ಇನ್ನೂ ಕಷ್ಟ. ಅಜ್ಜಿ ಇದ್ದಾರೆ. ಮಾವ ಬರುವುದು ಸೋಮವಾರ, ಬುಧವಾರ, ಶುಕ್ರವಾರ. ಉಳಿದ ನಾಲ್ಕು ರಾತ್ರಿ ಶಾಲಿನ ಗಂಟು ಹಾಗೆಯೇ ಇದೆ.